ಎಳ್ಳಿನಷ್ಟು ಹಿಂದೆ ಸರಿದ ಕುದುರೆ

ಬಹಳ ಹಿಂದೆ, ಕೊಂಬಿನಕೆರೆ ಅನ್ನುವ ನಮ್ಮ ಈ ಊರಿನಲ್ಲಿ, ಮೋನಪ್ಪಾಚಾರಿ ಅಂತ ಒಬ್ಬನಿದ್ದನಂತೆ. ಎಷ್ಟು ಹಿಂದೆ ಅಂತ ನನ್ನನ್ನು ಕೇಳಬೇಡಿ. ನಾನು ನಮ್ಮಜ್ಜಿಯನ್ನು ಕೇಳಿದ್ದಕ್ಕೆ, ಕೆರೆ ಏರಿಯ ಹುಣಸೆಮರ ಇನ್ನೂ ಸಸಿಯಾಗಿದ್ದಾಗ ಅಂದಿದ್ದಳು. ಆ ಮರ ಬಿದ್ದದ್ದನ್ನು ಕಂಡವರೂ ಈಗಿಲ್ಲ.

ಮೋನಪ್ಪ ವೀಣೆಗೆ ಮೇಳ ಕಟ್ಟುವವನು. ಅಂದರೆ ವೀಣೆಯ ದಂಡಿಯ ಮೇಲೆ ಮಸಿ ಬೆರೆಸಿದ ಮೇಣ ಮೆತ್ತಿ, ಅದರ ಮೇಲೆ ಇಪ್ಪತ್ತನಾಲ್ಕು ಕಂಚಿನ ಮೆಟ್ಟಿಲು ಕೂರಿಸುವವನು. ಒಂದು ಮೆಟ್ಟಿಲು ಕೂದಲೆಳೆಯಷ್ಟು ಆಚೀಚೆಯಾದರೂ ಸ್ವರ ಕೆಟ್ಟಿತು. ಅವನ ಸಾಮಾನು ಇಷ್ಟೇ: ಒಂದು ಹಣತೆ, ಕಾಯಿಸಿ ಮೇಣ ಕರಗಿಸುವ ಕಬ್ಬಿಣದ ಕಡ್ಡಿ, ಒಂದು ಮೇಣದ ಉಂಡೆ. ಮಿಕ್ಕದ್ದೆಲ್ಲ ಕಿವಿ. ಆ ಕಿವಿ ಎಂಥದ್ದು ಅಂತೀರಿ! ಎತ್ತು ನಡೆಯುವ ಸದ್ದು ಕೇಳಿಯೇ ಯಾವ ಕಾಲಿನ ಲಾಳ ಸಡಿಲ ಅಂತ ಹೇಳುತ್ತಿದ್ದನಂತೆ. ಬಾವಿಗೆ ಕೊಡ ಬಿಟ್ಟ ಸದ್ದಿಗೇ ನೀರು ಎಷ್ಟು ಮೊಳ ಇದೆ ಅನ್ನುತ್ತಿದ್ದನಂತೆ. ಮದುವೆಮನೆಯ ಓಲಗದವರು, ಅವನು ಉಂಡು ಎದ್ದುಹೋಗುವವರೆಗೂ ಓಲಗ ಬಾಯಿಗಿಡುತ್ತಿರಲಿಲ್ಲವಂತೆ. ಇದೊಂದನ್ನು ನಾನೇ ಸೇರಿಸಿದ್ದು ಅಂತ ನನ್ನ ಸೊಸೆ ಹೇಳುತ್ತಾಳೆ. ಹೇಳಿಕೊಳ್ಳಲಿ ಬಿಡಿ.

ಅದೇ ಊರಿನಲ್ಲಿ ಸಿಂಗಾರಮ್ಮ ಅಂತ ಒಬ್ಬಾಕೆ ಇದ್ದಳಂತೆ. ವೀಣೆಯ ಸಿಂಗಾರಮ್ಮ. ವಯಸ್ಸಾಗಿ ಕಣ್ಣು ಪೂರ್ತಿ ಹೋಗಿತ್ತು. ಆದರೂ ದಿನಾ ಬೆಳಗ್ಗೆ ಜಗಲಿಯ ಮೇಲೆ ಕೂತು ನುಡಿಸುತ್ತಿದ್ದಳು. ಕಣ್ಣಿಗೆ ಕಾಣದ ದಾರಿ ಬೆರಳಿಗೆ ಗೊತ್ತಿತ್ತು. ಮೋನಪ್ಪ ಕೂರಿಸಿಕೊಟ್ಟ ಆ ಇಪ್ಪತ್ತನಾಲ್ಕು ಮೆಟ್ಟಿಲೇ ಆಕೆಯ ದಾರಿ. ನೀರಿಗೆ ಹೋಗುವ ಹೆಂಗಸರು ಕೊಡ ಇಳಿಸಿ ನಿಲ್ಲುತ್ತಿದ್ದರಂತೆ.

ಒಂದು ಸಲ, ಮೋನಪ್ಪ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾಗ, ಆಕೆಯ ವೀಣೆಯ ದಪ್ಪ ತಂತಿ ಹರಿಯಿತು. ಮನೆಯವರು ಹೊಸದು ಹಾಕಿಸಿದರು. ಹೊಸದು ಹಳೆಯದಕ್ಕಿಂತ ಒಂಚೂರು ದಪ್ಪ. ಅಲ್ಲಿಂದ ಶುರುವಾಯಿತು ನೋಡಿ. ತಂತಿಯನ್ನು ಬರಿದೇ ಮೀಟಿದರೆ ಸರಿಯಾಗಿ ನುಡಿಯುತ್ತಿತ್ತು. ಮೆಟ್ಟಿಲ ಮೇಲೆ ಒತ್ತಿ ಮೀಟಿದರೆ ಸ್ವರ ಏರಿ ಕೇಳುತ್ತಿತ್ತು. ಮನೆಯವರನ್ನು ಕೇಳಿದಳು, ನಮಗೆ ಎಲ್ಲಾ ಒಂದೇ ಥರ ಕೇಳುತ್ತೆ ಅಂದರು. ಪರ ಊರಿನ ಆಚಾರಿಯೊಬ್ಬನನ್ನು ಕರೆಸಿದರು. ಅವನು ಮೇಣ ಕರಗಿಸಿ ಮೆಟ್ಟಿಲು ಸರಿಸುತ್ತೇನೆ ಅಂದ. ಆಕೆ ವೀಣೆಯನ್ನು ಅವುಚಿಕೊಂಡು ಬೇಡವೆಂದಳಂತೆ. ಮೆಟ್ಟಿಲು ಸರಿದರೆ ಬೆರಳು ದಾರಿ ತಪ್ಪುತ್ತದಲ್ಲ! ಆ ಆಚಾರಿ ಹೋಗುವಾಗ, ಅಮ್ಮಾವ್ರಿಗೆ ಕಿವಿ ಹೋಗಿದೆ ಅಂದುಬಿಟ್ಟ.

ಆ ಮಾತು ಆಕೆಯ ಎದೆಗೆ ನಾಟಿತು. ಕಣ್ಣು ಹೋದಾಗ ಅಳದವಳು ಅವತ್ತು ಅತ್ತಳಂತೆ. ಕಿವಿಯೇ ಇಲ್ಲದವಳಿಗೆ ವೀಣೆ ಯಾಕೆ, ಹುಣ್ಣಿಮೆಯ ದಿನ ಅದನ್ನು ಕೆರೆಗೆ ಹಾಕಿ ಎಳ್ಳುನೀರು ಬಿಟ್ಟುಬಿಡುತ್ತೇನೆ ಅಂದಳು.

ಹುಣ್ಣಿಮೆ ಬಂತು. ಬೆಳಗ್ಗೆ ಮನೆಯವರು ವೀಣೆಯನ್ನು ಹೊತ್ತು ಕೆರೆಯ ದಡಕ್ಕೆ ಬಂದರು. ಸಿಂಗಾರಮ್ಮನ ಮುಷ್ಟಿಯಲ್ಲಿ ಎಳ್ಳು. ಸರಿಯಾಗಿ ಅದೇ ಹೊತ್ತಿಗೆ ಏರಿಯ ಮೇಲೆ ಮೋನಪ್ಪ ಊರಿಗೆ ವಾಪಸು ಬರುತ್ತಿದ್ದ. ವೀಣೆ ಇಳಿಸುವಾಗ ತಂತಿ ಯಾರದೋ ಬಳೆಗೆ ತಗುಲಿ ಗುಂಯ್ ಅಂದಿತಂತೆ. ಅವನು ಅಲ್ಲಿಂದಲೇ ಕೈ ಎತ್ತಿ ನಿಲ್ಲಿ ಅಂದನಂತೆ. ಇಳಿದು ಬಂದವನಿಗೆ ಮನೆಯವರು ನಡೆದದ್ದೆಲ್ಲ ಹೇಳಿದರು.

ಹಣತೆ ಹಚ್ಚುತ್ತಾನೆ, ಕಡ್ಡಿ ಕಾಯಿಸುತ್ತಾನೆ ಅಂತ ಎಲ್ಲರೂ ಕಾದರು. ಅವನು ಚೀಲವನ್ನೇ ಬಿಚ್ಚಲಿಲ್ಲ. ತಂತಿಯನ್ನು ಬರಿದೇ ಮೀಟಿದ. ಅದರ ನಟ್ಟನಡುವೆ ಬೆರಳು ಮುಟ್ಟಿಯೂ ಮುಟ್ಟದಂತೆ ಇಟ್ಟು ಮೀಟಿದ. ಅಲ್ಲೇ ಮೆಟ್ಟಿಲ ಮೇಲೆ ಒತ್ತಿ ಮೀಟಿದ. ಮುಟ್ಟಿದ ಸ್ವರ, ಒತ್ತಿದ ಸ್ವರ ಎರಡೂ ಒಂದೇ ಆಗಬೇಕು. ಆಗಲಿಲ್ಲ. ಮತ್ತೆ ಮೀಟಿದ, ಮತ್ತೆ ಕೇಳಿದ. ಬಿಸಿಲೇರಿತು. ಯಾರೂ ಕದಲಲಿಲ್ಲವಂತೆ, ಕೆರೆಯ ಕಪ್ಪೆಗಳೂ ಬಾಯಿ ಮುಚ್ಚಿದವಂತೆ.

ಕೊನೆಗೆ ಹೇಳಿದನಂತೆ: "ನಿಮ್ಮ ಕಿವಿ ಸರಿಯಾಗೇ ಅದೆ ತಾಯಿ. ಮೆಟ್ಲೂ ಸರಿಯಾಗೇ ಅವೆ. ಕುದುರೆ ಒಂಚೂರು ಹಿಂದಕ್ ಹೋಗ್ಬೇಕು."

ವೀಣೆಯ ಕೊಡದ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಪುಟ್ಟ ಮರದ ತುಂಡು ಇರುತ್ತದಲ್ಲ, ಅದಕ್ಕೆ ಕುದುರೆ ಅನ್ನುತ್ತಾರೆ. ತಂತಿ ದಪ್ಪವಾದರೆ ಅದಕ್ಕೆ ಇನ್ನೊಂಚೂರು ಉದ್ದ ಬೇಕು, ಕುದುರೆ ಹಿಂದೆ ಸರಿಯಬೇಕು. ಅದು ಯಾರಿಗೂ ಹೊಳೆದಿರಲಿಲ್ಲ. ಎಲ್ಲರ ಕಣ್ಣೂ ಮೆಟ್ಟಿಲ ಮೇಲೇ.

ಮೋನಪ್ಪ ಸಿಂಗಾರಮ್ಮನ ಮುಷ್ಟಿ ಬಿಡಿಸಿ, ವೀಣೆಗೆ ಬಿಡಲೆಂದು ತಂದಿದ್ದ ಎಳ್ಳಿನಲ್ಲಿ ಒಂದೇ ಕಾಳು ತೆಗೆದ. ದಪ್ಪ ತಂತಿಯ ಕಡೆ, ಕುದುರೆಯ ಕಾಲಿನ ಹಿಂದೆ, ಕಾಳಿನಷ್ಟೇ ಜಾಗ ಬಿಟ್ಟು ಗುರುತಿಗೆ ಇಟ್ಟ. ತಂತಿ ಸಡಿಲಿಸಿ, ಆ ಕಾಲು ಕಾಳಿಗೆ ತಾಗುವವರೆಗೆ ಹೆಬ್ಬೆರಳಿನಿಂದ ನೂಕಿದ. ತಂತಿ ಬಿಗಿದು, ನುಡಿಸಿ ತಾಯಿ ಅಂದ.

ಸಿಂಗಾರಮ್ಮ ತಂತಿಯ ನಡುವೆ ಬೆರಳು ಮುಟ್ಟಿಸಿ ಮೀಟಿದಳು. ಅಲ್ಲೇ ಒತ್ತಿ ಮೀಟಿದಳು. ಎರಡೂ ಒಂದೇ! ಆಗ ನೀರಿಗೆ ಬಂದ ಹೆಂಗಸರ ಬರಿಗೊಡಗಳೆಲ್ಲ ತಾವಾಗಿಯೇ ಗುಂಯ್‌ಗುಟ್ಟಿದವಂತೆ. ಕೆರೆಯ ನೀರು ಬಳೆಬಳೆಯಾಗಿ ಎದ್ದಿತಂತೆ. ಎಷ್ಟು ಸಲ ಹೇಳಿದರೂ ಇಲ್ಲಿಗೆ ಬಂದಾಗ ನನಗೆ ಮೈ ಜುಂ ಅನ್ನುತ್ತದೆ. ಉಳಿದ ಎಳ್ಳನ್ನು ಆಕೆ ಬೆಲ್ಲ ಹಾಕಿ ಕುಟ್ಟಿಸಿ ಊರಿಗೆಲ್ಲ ಹಂಚಿದಳಂತೆ.

ಕಥೆ ಆಚೆ ಊರುಗಳಿಗೆ ಹೋಯಿತು. ವೀಣೆ ಕಾಣದ ಜನ, ಮೋನಪ್ಪ ಕೆರೆಗೆ ಬೀಳುತ್ತಿದ್ದ ನಿಜವಾದ ಕುದುರೆಯನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ನೂಕಿದ ಅಂದರು! ನಮ್ಮ ಕೆರೆ ಏರಿಯ ಮೇಲೇ ಬಂದು ಒಂದು ಕಲ್ಲಿನ ಕುದುರೆಯನ್ನೂ ನಿಲ್ಲಿಸಿದರು. ನಾವು ನಗುತ್ತೇವೆ, ಆದರೂ ಆ ದಾರಿಯಲ್ಲಿ ಹೋಗುವಾಗ ಅದರ ಹಿಂಗಾಲಿನ ಹತ್ತಿರ ಒಂದು ಚಿಟಿಕೆ ಎಳ್ಳು ಹಾಕಿ ಕೈ ಮುಗಿಯುತ್ತೇವೆ.

ಇನ್ನೊಂದು ಪದ್ಧತಿಯೂ ಇದೆ. ನಮ್ಮೂರಿನಲ್ಲಿ ವಯಸ್ಸಾದವರು, ನನಗೆ ಕಿವಿ ಹೋಯಿತು, ಬುದ್ಧಿ ಹೋಯಿತು, ಇನ್ನು ಸಾಕು ಅಂದರೆ ಯಾರೂ ಹೂಂ ಅನ್ನುವುದಿಲ್ಲ. ಒಳಗೆ ಹೋಗಿ ಒಂದು ಎಳ್ಳು ತಂದು ಅವರ ಅಂಗೈಯಲ್ಲಿಡುತ್ತಾರೆ. ಮೊನ್ನೆ ಈ ಕಥೆಯ ನಡುವೆ ನನಗೆ ಸಿಂಗಾರಮ್ಮನ ಹೆಸರೇ ಮರೆತುಹೋಗಿ, ಇನ್ನು ನಾನು ಹೇಳುವುದಿಲ್ಲ ಅಂತ ಎದ್ದುಬಿಟ್ಟೆ. ನನ್ನ ಸೊಸೆ ಅಡುಗೆಮನೆಗೆ ಹೋಗಿ ಬಂದು, ನನ್ನ ಮುಷ್ಟಿ ಬಿಡಿಸಿದಳು.