ರಾಜನ ಮೂಗು, ಸಣ್ಣೀರಮ್ಮನ ಅಚ್ಚು

ಗುಬ್ಬಲಗುಡ್ಡ ಅಂತ ಒಂದು ರಾಜ್ಯ. ಅದಕ್ಕೊಬ್ಬ ರಾಜ, ಪರಸಪ್ಪ ನಾಯಕ. ರಾಜ್ಯ ಸಣ್ಣದು, ರಾಜನ ಮೂಗು ದೊಡ್ಡದು. ಬೆಳಿಗ್ಗೆ ಅರಮನೆ ಬಾಗಿಲಲ್ಲಿ ಮೊದಲು ಮೂಗು ಬರುತ್ತಿತ್ತು, ಆಮೇಲೆ ಮೀಸೆ, ಆಮೇಲೆ ನಿಧಾನವಾಗಿ ರಾಜ. ಹೊಗಳುಭಟ್ಟರು ಆ ಮೂಗನ್ನು ಸಂಪಿಗೆ ಅಂತ ಹಾಡುತ್ತಿದ್ದರು. ಬಾಳೆಕಾಯಿ ಅಂತ ಹಾಡಿದರೆ ಸಂಬಳ ಸಿಗುವುದಿಲ್ಲವಲ್ಲ, ಅದಕ್ಕೆ.

ಅರಮನೆಯ ಕಾರ್ಖಾನೆಯಲ್ಲಿ ಸಣ್ಣೀರಮ್ಮ ಅಂತ ಒಬ್ಬಳಿದ್ದಳು. ಕಮ್ಮಾರರ ಮನೆ ಮಗಳು, ಅರಮನೆ ಅಡುಗೆಯ ಬಸಲಿಂಗನ ಹೆಂಡತಿ. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅವಳ ಕೈಕೆಳಗೊಂದು ಪುಟ್ಟ ಯಂತ್ರವಿತ್ತು. ಸಿಎನ್‌ಸಿ ಅಂತ ಅದರ ಹೆಸರು. ದಾರಿ ಹೇಳಿಕೊಟ್ಟರೆ ಸಾಕು, ಗಿರ್ರನೆ ತಿರುಗುವ ಉಳಿ ಹಿಡಿದು ತಾನೇ ಲೋಹ ಕೆತ್ತುತ್ತಿತ್ತು. ಮೇಕೆಮರಿ ಗಾತ್ರದ್ದು. ಹೊರೆ ಜಾಸ್ತಿಯಾದರೆ ಮೇಕೆಮರಿಯ ಹಾಗೇ ಅರಚುತ್ತಿತ್ತು.

ಸಂಕ್ರಾಂತಿ ಹತ್ತಿರ ಬಂತು. ರಾಜನಿಗೆ ಒಂದು ಆಸೆ ಹುಟ್ಟಿತು.

"ಎಳ್ಳುಬೆಲ್ಲದ ಜೊತೆ ಎಲ್ಲರೂ ಗಿಳಿ, ಆನೆ ಅಂತ ಸಕ್ಕರೆ ಅಚ್ಚು ಹಂಚುತ್ತಾರೆ. ಈ ಸಲ ನನ್ನ ಮುಖದ ಸಕ್ಕರೆ ಅಚ್ಚು ಹಂಚಬೇಕು. ಪ್ರಜೆಗಳು ನನ್ನನ್ನು ಚಪ್ಪರಿಸಬೇಕು" ಅಂದ.

ಕಾರ್ಖಾನೆಯ ಪಾರುಪತ್ಯಗಾರ ಗರುಡಯ್ಯ ಎದ್ದು ನಿಂತ. ಬೇರೆಯವರು ಕೆಲಸ ಮಾಡುವುದನ್ನು ನೋಡುವುದೇ ಅವನ ಕೆಲಸ. "ಬುದ್ಧಿ, ತಾವು ಊಟ ಮಾಡಿ ಏಳುವಷ್ಟರಲ್ಲಿ ಅಚ್ಚು ಮಾಡಿಸಿ ತರ್ತೀನಿ" ಅಂದ.

ಸಣ್ಣೀರಮ್ಮನ ಹತ್ತಿರ ಬಂದು, "ಬೇಗ ಬೇಗ ಓಡಿಸಮ್ಮ" ಅಂದ.

"ಓಡಿಸಿದ್ರೆ ಒಳಗೆಲ್ಲ ಒರಟಾಗುತ್ತೆ ಸ್ವಾಮಿ."

"ಒರಟಾದ್ರೆ ಉಜ್ಜಿ ಮೇಣ ಹಚ್ಚಿದ್ರಾಯ್ತು. ಸರಿ ಅತ್ಲಾಗೆ" ಅಂತ ತಾನೇ ಯಂತ್ರದ ಓಟ ಏರಿಸಿದ. ಯಂತ್ರ ಅರಚಿತು. ಅಲ್ಯೂಮಿನಿಯಂ ಗಟ್ಟಿಯಲ್ಲಿ ರಾಜನ ಮುಖ ಮೂಡಿತು, ಆದರೆ ಒಳಗೆಲ್ಲ ಗೀರೋ ಗೀರು. ಗರುಡಯ್ಯ ಮೇಣ ಹಚ್ಚಿ ಮಿರಮಿರ ಮಿಂಚಿಸಿ ಆಸ್ಥಾನಕ್ಕೆ ಒಯ್ದ.

ಬಸಲಿಂಗ ಸಕ್ಕರೆ ಪಾಕ ಕಾಯಿಸಿ ಅಚ್ಚಿಗೆ ಹೊಯ್ದ. ಆರಿದ ಮೇಲೆ ಕವುಚಿದ. ಮುಖ ಬಂತು, ಮೂಗು ಒಳಗೇ ಉಳಿಯಿತು. ಇನ್ನೊಮ್ಮೆ ಹೊಯ್ದ. ಮುಖ ಬಂತು, ಮೂಗು ಬರಲಿಲ್ಲ. ಮತ್ತೊಮ್ಮೆ ಹೊಯ್ದ. ಈ ಸಲ ಮೂಗೂ ಬಂತು, ಆದರೆ ಲಟಕ್ಕನೆ ಮುರಿದು ರಾಣಿಯ ತಟ್ಟೆಗೆ ಬಿತ್ತು. ರಾಣಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ರಾಜ ಕೆಂಡವಾದ. "ನನ್ನ ಮೂಗು ಮುರಿದವನ ಮೂಗು ಕೊಯ್ಯಿಸ್ತೀನಿ."

"ಅಚ್ಚಿನ ದೋಷ ಬುದ್ಧಿ, ಒಳಗೆ ಒರಟಾಗಿದೆ" ಅಂದಳು ಸಣ್ಣೀರಮ್ಮ.

"ಅಚ್ಚು ಕನ್ನಡಿ ಇದ್ದ ಹಾಗಿದೆ. ಕೆಟ್ಟಿರೋದು ಬಸಲಿಂಗನ ಪಾಕ" ಅಂದ ಗರುಡಯ್ಯ.

ಪರಸಪ್ಪ ನಾಯಕ ಯಾವಾಗಲೂ ಕೊನೆಗೆ ಮಾತಾಡಿದವರನ್ನು ನಂಬುವವನು. ಮೊದಲು ಕೇಳಿದ್ದು ಅವನಿಗೆ ನೆನಪಿರುತ್ತಿರಲಿಲ್ಲ. ಬಸಲಿಂಗ ಸೆರೆಮನೆಗೆ ಹೋದ. ಹಬ್ಬದ ಮುಂಚೆ ರಕ್ತ ಹರಿಸುವುದು ಬೇಡ ಅಂತ ಪುರೋಹಿತರು ಹೇಳಿದ್ದಕ್ಕೆ ಮೂಗು ಹಬ್ಬದ ದಿನದವರೆಗೆ ಉಳಿಯಿತು.

ಸಣ್ಣೀರಮ್ಮ ಮುದ್ದೆ ಸಾರು ಹೊತ್ತು ಗಂಡನನ್ನು ನೋಡಲು ಹೋದಳು. ಅವನು ಉಣ್ಣದೆ ಸಾರಿನ ವಾಸನೆಯನ್ನೇ ಎಳೆದುಕೊಳ್ಳುತ್ತ ಕೂತ.

"ಸಣ್ಣೀರಿ, ಕಿವಿ ಹೋದ್ರೂ ಅಡುಗೆ ಮಾಡ್ತೀನಿ. ಮೂಗು ಹೋದ್ರೆ ಒಗ್ಗರಣೆ ಸೀದಿದ್ದು ಹೆಂಗೆ ಗೊತ್ತಾಗಬೇಕು?"

"ಸುಮ್ನೆ ಉಣ್ಣು. ನಿನ್ನ ಮೂಗಿಗೆ ನಾನಿದ್ದೀನಿ" ಅಂದಳು. ಅಲ್ಲಿಂದ ನೆಟ್ಟಗೆ ಕಾರ್ಖಾನೆಗೆ ನಡೆದಳು.

ಗರುಡಯ್ಯ ಹಬ್ಬದ ಅಂಗಿ ಹೊಲಿಸಲು ಹೋಗಿದ್ದ. ಸಣ್ಣೀರಮ್ಮ ಹೊಸ ಗಟ್ಟಿಯನ್ನು ಯಂತ್ರದ ಹಿಡಿಕೆಯಲ್ಲಿ ಅಲುಗದಂತೆ ಬಿಗಿದಳು. ಉಳಿ ನೋಡಿದರೆ ಕೊಕ್ಕರೆ ಕತ್ತಿನ ಹಾಗೆ ಉದ್ದಕ್ಕೆ ಚಾಚಿಕೊಂಡಿತ್ತು. ಉದ್ದ ಇದ್ದದ್ದು ನಡುಗದೆ ಇರುತ್ತದೆಯೇ? ಅದನ್ನು ಯಂತ್ರದ ಬಾಯೊಳಗೆ ತಳ್ಳಿ, ರಾಜನ ಮೂಗಿನ ಆಳಕ್ಕೆ ಎಷ್ಟು ಬೇಕೋ ಅಷ್ಟೇ ಹೊರಗೆ ಬಿಟ್ಟಳು. ಕೆತ್ತಿಸಿದಳು, ಯಂತ್ರ ಅರಚಲಿಲ್ಲ. ಸಕ್ಕರೆ ಹೊಯ್ದು ನೋಡಿದಳು. ಅರ್ಧ ಮೂಗು ಬಂತು.

ಅಚ್ಚಿನೊಳಗೆ ಬೆರಳಾಡಿಸಿದಳು. ಸಿಡುಬಿನ ಕಲೆಯಂತೆ ಗುಳಿಗಳು. ಕೆತ್ತಿ ಬಿದ್ದ ಚೂರುಗಳು ಅಲ್ಲೇ ಉಳಿದು ಉಳಿಗೆ ಮೆತ್ತಿಕೊಂಡು ಮೈಯೆಲ್ಲ ಗೀರಿದ್ದವು. ಮನೆಯಿಂದ ಒಲೆಯ ಊದುಗೊಳವೆ ತಂದಳು. ಇನ್ನೊಂದು ಗಟ್ಟಿ ಬಿಗಿದು, ಉಳಿಗೆ ಏನೂ ಮೆತ್ತದ ಹಾಗೆ ಸೀಮೆಎಣ್ಣೆ ತೊಟ್ಟಿಕ್ಕಿಸುತ್ತ, ಚೂರು ಬಿದ್ದ ಹಾಗೆಲ್ಲ ಊದಿದಳು. ಕೆನ್ನೆ ನೋಯಿತು, ಗುಳಿ ಹೋಯಿತು. ಸೀಗೆಕಾಯಿ ಹಾಕಿ ತೊಳೆದು ಸಕ್ಕರೆ ಹೊಯ್ದಳು. ಮುಕ್ಕಾಲು ಮೂಗು ಬಂತು.

ಬಿಸಿಲಿಗೆ ಹಿಡಿದು ನೋಡಿದಳು. ಉತ್ತ ಹೊಲದಂತೆ ಸಾಲು ಸಾಲು ಏರು. ಸಾಲು ಅಗಲವಾದಷ್ಟೂ ನಡುವೆ ದಿಂಡು ಉಳಿಯುತ್ತದೆ. ಮೂರನೆಯ ಗಟ್ಟಿಯಲ್ಲಿ ಮೊದಲು ದಪ್ಪ ಉಳಿಯಿಂದ ಬಹುಪಾಲು ಕೆತ್ತಿ, ಈರುಳ್ಳಿ ಸಿಪ್ಪೆಯಷ್ಟು ಲೋಹ ಉಳಿಸಿದಳು. ಆಮೇಲೆ ತುದಿ ದುಂಡಗಿರುವ ಹೊಸ ಹರಿತ ಉಳಿ ಹಾಕಿ, ಸಾಲಿಗೆ ಸಾಲು ತಾಗುವಂತೆ ಆ ಸಿಪ್ಪೆಯನ್ನು ಬಿಡಿಸಿದಳು. ಹೊತ್ತು ಬಹಳ ಹಿಡಿಯಿತು. ಸಕ್ಕರೆ ಹೊಯ್ದು ಕವುಚಿದಳು. ರಾಜ ಮೂಗಿನ ಸಮೇತ ಜಾರಿ ಅವಳ ಅಂಗೈಗೆ ಬಿದ್ದ. ಮೂಗಿನ ಹೊಳ್ಳೆ ಕೂಡ ನೆಟ್ಟಗಿತ್ತು. ಅಷ್ಟು ನೋಡಿದ ಮೇಲೆ ಅವಳಿಗೆ ಅಳು ಬಂತು.

ಗಂಡನಿಗೆ ಸುದ್ದಿ ಹೇಳಿ ಬರುವಷ್ಟರಲ್ಲಿ ಅಚ್ಚು ಮಾಯ.

ಸಂಕ್ರಾಂತಿ ದಿನ ಗರುಡಯ್ಯ ಹೊಸ ಅಂಗಿ ತೊಟ್ಟು ಅದೇ ಅಚ್ಚು, ಅದರಲ್ಲಿ ಹೊಯ್ದ ಸಕ್ಕರೆ ಮುಖ ಹಿಡಿದು ಆಸ್ಥಾನದಲ್ಲಿ ನಿಂತಿದ್ದ. "ನಾನೇ ಕೂತು ಕೆತ್ತಿದೆ ಬುದ್ಧಿ. ಪಾಕ ಬೇರೆ ಅಡುಗೆಯವನದ್ದು. ನೋಡಿ, ಮೂಗು ಹೆಂಗೆ ಬಂತು. ತಪ್ಪು ಬಸಲಿಂಗನದೇ ಅಂತ ಈಗ ರುಜುವಾತಾಯ್ತಲ್ಲ."

ಭಟರು ಬಸಲಿಂಗನನ್ನು ಎಳೆತಂದರು. ಒಬ್ಬ ಕತ್ತಿ ಮಸೆಯತೊಡಗಿದ. ತಾನೇ ಮಾಡಿದ ಚೆಂದದ ಅಚ್ಚು ಗಂಡನ ಮೂಗಿಗೇ ಮುಳುವಾಯಿತಲ್ಲ ಅನ್ನಿಸಿತು ಸಣ್ಣೀರಮ್ಮನಿಗೆ. ಆದರೂ ಗರುಡಯ್ಯನ ಮಾತು ಪೂರ್ತಿ ಮುಗಿಯಲಿ ಅಂತ ಕಾದಳು. ಮುಗಿದ ಮೇಲೆ ಕೈಮುಗಿದು ಎದ್ದಳು.

"ಬುದ್ಧಿ, ಇಂಥ ಕೈಚಳಕದವರು ನಮ್ಮ ರಾಜ್ಯದಲ್ಲಿ ಇನ್ನೊಬ್ಬರಿಲ್ಲ. ಅವರ ಮುಖದ್ದೂ ಒಂದು ಅಚ್ಚು ಅವರೇ ಕೆತ್ತಲಿ. ತಮ್ಮ ಪಕ್ಕದಲ್ಲಿ ಅವರನ್ನೂ ಪ್ರಜೆಗಳು ಚಪ್ಪರಿಸಲಿ. ಆಮೇಲೆ ನನ್ನ ಗಂಡನ ಮೂಗು ಕೊಯ್ಯಿರಿ."

ಕೊನೆಯ ಮಾತು ಅವಳದ್ದೇ ಆಗಿದ್ದರಿಂದ ರಾಜ ಒಪ್ಪಿದ. ರಾಜನ ಪಕ್ಕದಲ್ಲಿ ತನ್ನ ಮುಖ ಅಂದದ್ದೇ ಗರುಡಯ್ಯನ ಬುದ್ಧಿಯೂ ಮಂಕಾಯಿತು. ಹೋದ, ಉಳಿಯನ್ನು ಕೊಕ್ಕರೆ ಕತ್ತಿನಷ್ಟು ಉದ್ದ ಬಿಟ್ಟ, ಚೂರು ಊದಲಿಲ್ಲ, ಅಗಲ ಅಗಲ ಸಾಲು ಎಳೆದ. ಯಂತ್ರದ ಅರಚಾಟ ಆಸ್ಥಾನಕ್ಕೂ ಕೇಳಿಸಿತು. ಮೇಣ ಹಚ್ಚಿ ತಂದ.

ಅದೇ ಹೊಸ ಅಡುಗೆಯವನು ಅದೇ ಪಾಕ ಹೊಯ್ದ. ಗರುಡಯ್ಯನ ಮುಖ ಬಂತು, ಮೂಗು ಬರಲಿಲ್ಲ. ಇನ್ನೊಮ್ಮೆ ಹೊಯ್ದ, ಬರಲಿಲ್ಲ. ಮತ್ತೊಮ್ಮೆ ಹೊಯ್ದ, ಮೂಗಿನ ಜೊತೆ ತುಟಿಯೂ ಹೋಯಿತು.

"ಅಡುಗೆಯವನು ಒಬ್ಬನೇ, ಪಾಕವೂ ಒಂದೇ. ಈಗ ಎರಡೂ ಅಚ್ಚಿಗೆ ಬೆರಳು ಹಾಕಿ ನೋಡಿ ಬುದ್ಧಿ" ಅಂದಳು ಸಣ್ಣೀರಮ್ಮ.

ರಾಜ ಹಾಕಿದ. ಒಂದು ರೇಷ್ಮೆ, ಒಂದು ಹಲಸಿನಕಾಯಿ. ಪರಸಪ್ಪ ನಾಯಕನಿಗೂ ಅರ್ಥವಾಗುವಷ್ಟು ಸುಲಭವಾಗಿತ್ತು ವಿಷಯ. "ನೀನು ಕೆತ್ತಿದ್ದು ಯಾವುದಯ್ಯ?" ಅಂದ. ಗರುಡಯ್ಯ ಹಲಸಿನಕಾಯಿಯ ಕಡೆ ಬೆರಳು ತೋರಿಸಿದ.

ಬಸಲಿಂಗನ ಕಟ್ಟು ಬಿಚ್ಚಿದರು. ಅವನು ಮೊದಲು ಮೂಗು ಮುಟ್ಟಿ ನೋಡಿಕೊಂಡ, ಆಮೇಲೆ ಹೆಂಡತಿಯ ಕೈ ಹಿಡಿದ. ಕತ್ತಿ ಮಸೆದವನು ಗರುಡಯ್ಯನ ಕಡೆ ತಿರುಗಿದ.

"ಬೇಡ ಬುದ್ಧಿ" ಅಂದಳು ಸಣ್ಣೀರಮ್ಮ. "ಮೂಗು ಕೊಯ್ದ್ರೆ ಅಯ್ಯನೋರು ಮನೇಲಿ ಮಲಗಿ ಸಂಬಳ ಎಣಿಸ್ತಾರೆ. ಯಂತ್ರದ ಮುಂದೆ ಕೂತು ಚೂರು ಊದಲಿ."

ಹಾಗೇ ಆಯಿತು. ಸಣ್ಣೀರಮ್ಮ ಕಾರ್ಖಾನೆಗೆ ಯಜಮಾನಿಯಾದಳು. ಗರುಡಯ್ಯ ಕೆನ್ನೆ ಉಬ್ಬಿಸಿ ಊದುತ್ತ ಕೂತ. ಆ ಹಬ್ಬದಲ್ಲಿ ಊರ ಮಕ್ಕಳು ರಾಜನನ್ನು ಕಪಾಟಿನಲ್ಲಿಟ್ಟು, ಮೂಗಿಲ್ಲದ ಗರುಡಯ್ಯನನ್ನೇ ಮೊದಲು ಕಡಿದು ತಿಂದರು.

ಅದಕ್ಕೇ ಮಕ್ಕಳೇ, ಕೆತ್ತುವಾಗ ತಾಳ್ಮೆಯಿಲ್ಲದವನು ಉಜ್ಜಿ ಉಜ್ಜಿ ಸಾಯುತ್ತಾನೆ. ನುಣುಪು ಕೆಲಸದೊಳಗಿಂದ ಬರಬೇಕು. ಮೇಲೆ ಹಚ್ಚಿದ ಮೇಣ ಬಿಸಿ ಪಾಕ ಬೀಳುವವರೆಗೆ ಮಾತ್ರ. ಹೇಳಿದವರಿಗೆ ಎಲೆಯಡಿಕೆ, ಕೇಳಿದವರಿಗೆ ಎಳ್ಳುಬೆಲ್ಲ.