ಅದಿರು ತಿನ್ನುವ ಜೇನು

ಶಿಷ್ಯ ಚನ್ನವೀರ ಗುರುಗಳನ್ನು ಕೇಳಿದ: "ನಮ್ಮ ಮಠದ ಅಡುಗೆಯವರ ಕೈಯಲ್ಲಿ ಅಮೃತವಿದೆ, ಬಾಯಲ್ಲಿ ಬೆಂಕಿಯಿದೆ. ಇವತ್ತು ಪಂಕ್ತಿಯ ಎದುರೇ ಒಬ್ಬ ಮುದುಕರನ್ನು ಬೈದು ಕಣ್ಣೀರು ಹಾಕಿಸಿದರು. ಇಂಥವರನ್ನು ಇಟ್ಟುಕೊಳ್ಳಬೇಕೇ, ಕಳಿಸಬೇಕೇ?"

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಸಂಜೆ ಮಗ್ಗ ನಿಲ್ಲಿಸಿದ ಮೇಲೆ ಅವನೂ ಅವನ ಹೆಂಡತಿಯೂ ಕಂಪ್ಯೂಟರಿನ ಮುಂದೆ ಕೂತು ಒಂದು ಆಟ ಆಡುತ್ತಿದ್ದರು. ಬಂಡೆಯ ಒಡಲನ್ನು ಕೊರೆದು ಊರು ಕಟ್ಟುವ ಆಟ. ಊರಿನ ಪುಟ್ಟ ಮಂದಿಗೆ ಗಾಳಿ, ನೀರು, ಅನ್ನ ಎಲ್ಲವನ್ನೂ ಆಡುವವರೇ ಒದಗಿಸಬೇಕು. ಮೊದಲು ಕಟ್ಟಿದ ಊರುಗಳೆಲ್ಲ ಗಾಳಿಯಿಲ್ಲದೆ ಅಳಿದುಹೋಗಿದ್ದವು. ಈ ಊರೊಂದು ಉಳಿದಿತ್ತು. ಅದರ ಮಂದಿಗೆ ಹೆಂಡತಿ ತನ್ನ ನಾದಿನಿಯರ, ಗಂಡನ ಷಡ್ಡಕರ ಹೆಸರನ್ನೆಲ್ಲ ಇಟ್ಟು ನಗುತ್ತಿದ್ದಳು.

ಊರು ಉಳಿದದ್ದು ಜೇನಿನಿಂದ. ಬಂಡೆಯ ತಣ್ಣನೆಯ ಮೂಲೆಯಲ್ಲಿ ಹಸಿರಾಗಿ ಹೊಳೆಯುವ ಹುಳುಗಳ ಗೂಡೊಂದು ಅವರಿಗೆ ಸಿಕ್ಕಿತ್ತು. ನೋಡಲು ಜೇನಿನಂತೆಯೇ. ಆದರೆ ಅವುಗಳ ಆಹಾರ ಯುರೇನಿಯಂ ಅದಿರು. ಅದನ್ನು ತಿಂದು, ಶುದ್ಧ ಮಾಡಿ, ಇಂಧನವಾಗಿ ಗೂಡಿನಲ್ಲಿ ಕೂಡಿಡುತ್ತಿದ್ದವು. ಆ ಇಂಧನದಿಂದ ಅಣುಸ್ಥಾವರ ನಡೆಯುತ್ತಿತ್ತು. ಸ್ಥಾವರದಿಂದ ಊರಿಗೆ ದೀಪ, ಗಾಳಿ. ಹುಳುಗಳ ಮೈಯಿಂದ ವಿಕಿರಣ ಸೂಸುತ್ತಿದ್ದುದರಿಂದ ಮಂದಿ ಇಂಧನ ತರಲು ಬೇಗ ಹೋಗಿ ಬೇಗ ಬರುತ್ತಿದ್ದರು.

ಇಂಧನ ಹೊರುವವರಿಗೆ ನಡಿಗೆ ಉಳಿಯಲಿ ಎಂದು ನೇಕಾರ ಒಂದು ದಿನ ಸ್ಥಾವರವನ್ನು ಗೂಡಿನ ಪಕ್ಕಕ್ಕೇ ತಂದಿಟ್ಟ. ಮರುದಿನ ಆಟ ತೆರೆದಾಗ ಹುಳುಗಳು ಕಂಡಕಂಡವರನ್ನು ಅಟ್ಟಿಸಿಕೊಂಡು ಹೋಗಿ ಕುಟುಕುತ್ತಿದ್ದವು. ಊರಿನ ಅರ್ಧ ಮಂದಿ ಹಾಸಿಗೆ ಹಿಡಿದಿದ್ದರು.

"ಹಾಳಾಗಲಿ, ಈ ಗೂಡನ್ನೇ ಒಡೆದುಬಿಡುತ್ತೇನೆ" ಎಂದ ನೇಕಾರ.

ಹೆಂಡತಿ ಅವನ ಕೈ ಹಿಡಿದಳು. "ತಡೀರಿ. ಮೊನ್ನೆಯವರೆಗೆ ಇವು ಯಾರ ತಂಟೆಗಾದರೂ ಬಂದಿದ್ದವೇನು?"

"ಇಲ್ಲ."

"ಹಾಗಾದರೆ ಮೊನ್ನೆ ಇಲ್ಲದ್ದು ಇವತ್ತು ಅಲ್ಲಿ ಏನಿದೆ, ಅದನ್ನು ನೋಡಿ."

ನೇಕಾರ ನೋಡಿದ. ಸ್ಥಾವರದ ಕಾವು ಗೂಡಿನ ಗೋಡೆಯನ್ನು ಕಾಯಿಸಿತ್ತು. ಚಳಿಯ ಜೀವಗಳು ಬೇಯುತ್ತಿದ್ದವು.

ಸ್ಥಾವರವನ್ನು ಸರಿಸಬೇಕೆಂದರೆ ಮೊದಲು ಅದನ್ನು ಆರಿಸಬೇಕು. ಆರಿಸಿದರೆ ಊರಿಗೆ ಗಾಳಿಯೂ ನಿಲ್ಲುತ್ತದೆ. ಆದರೂ ನೇಕಾರ ಆರಿಸಿದ. ಊರು ಕತ್ತಲಾಯಿತು. ಕಾಲಿಗೆ ಬಲವಿದ್ದವರು ಉಸಿರು ಬಿಗಿಹಿಡಿದು ಕಲ್ಲು ಹೊತ್ತರು, ಕೊಳವೆ ಎಳೆದರು, ದೂರದ ಗವಿಯಲ್ಲಿ ಸ್ಥಾವರವನ್ನು ಮತ್ತೆ ಕಟ್ಟಿದರು. ಗೂಡಿನ ಸುತ್ತ ಸೀಸದ ಗೋಡೆ ಎಬ್ಬಿಸಿ, ಒಳಕ್ಕೆ ತಂಪು ಹರಿಸಿದರು. ಇತ್ತ ಗಂಡ ಹೆಂಡತಿ ತಮ್ಮ ಮನೆಯಲ್ಲಿ ಕೂತು ತಾವೂ ಉಸಿರು ಹಿಡಿದಿದ್ದರು.

ಮೊದಲು ಒಂದು ಹುಳು ಅದಿರಿನ ಮೇಲೆ ಇಳಿಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಗೂಡಿಗೆ ಗೂಡೇ ಗುಂಯ್‌ಗುಟ್ಟುತ್ತ ಕೆಲಸಕ್ಕೆ ಬಿತ್ತು. ದೀಪಗಳು ಹೊತ್ತಿಕೊಂಡವು. ಹಾಸಿಗೆ ಹಿಡಿದವರು ಒಬ್ಬೊಬ್ಬರಾಗಿ ಎದ್ದು ಕೈಯೆತ್ತಿ ಕುಣಿದರು. ನೇಕಾರನೂ ಎದ್ದು ಕುಣಿದ. "ನಿಮ್ಮ ಷಡ್ಡಕರು ನಿಮಗಿಂತ ಚೆನ್ನಾಗಿ ಕುಣಿತಾರೆ ಕಣ್ರೀ" ಎಂದು ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಕತೆ ಕೇಳಿ ಚನ್ನವೀರನೂ ನಕ್ಕ. "ತಿಳಿಯಿತು ಗುರುಗಳೇ. ಅಡುಗೆಯವರಿಂದ ನಾವು ಸ್ವಲ್ಪ ದೂರವಿರಬೇಕು."

ಗುರುಗಳು ಕೇಳಿದರು: "ಹಗಲೆಲ್ಲ ಒಲೆ ಉರಿಯುವ ಆ ಅಡುಗೆಮನೆಗೆ ಒಂದಾದರೂ ಕಿಟಕಿ ಇದೆಯೇ, ನೋಡಿದ್ದೀಯಾ?"

ಚನ್ನವೀರ ಎದ್ದು ಅಡುಗೆಮನೆಯ ಕಡೆ ನಡೆದ.