ಚೀಲದಲ್ಲಿದ್ದ ಕಡಿವಾಣ

"೧೯೭೪, ಜನವರಿ ಒಂಬತ್ತು. ಇಂದಿನಿಂದ ಹಂಸಿಯ ಬಾಯಲ್ಲಿ ಕಬ್ಬಿಣವಿಲ್ಲ. ಮೂಗಿನ ಮೇಲೆ ಬರೀ ಚರ್ಮದ ಪಟ್ಟಿ." ದಿನಚರಿಯಲ್ಲಿ ಹೆಮ್ಮೆಯಿಂದ ಹೀಗೆ ಬರೆದು, ಬಿ.ಎ. ಪಾಸಾದ ವಿಶಾಲಾಕ್ಷಮ್ಮ ತಮ್ಮ ಕುದುರೆ ಹಂಸಿಯನ್ನೇರಿ ಬೆಟ್ಟದ ದಾರಿ ಹಿಡಿದರು. ಆದರೂ ಇರಲಿ ಎಂದು ಬಾಯಿಂದ ತೆಗೆದ ಹಳೆಯ ಕಬ್ಬಿಣದ ಕಡಿವಾಣವನ್ನು ಜೀನಿನ ಚೀಲಕ್ಕೆ ಹಾಕಿಕೊಂಡಿದ್ದರು.

ಕಣಿವೆಯ ಅಂಚಿಗೆ ಬಂದಾಗ ದಾರಿ ಮೊಳದಗಲವಾಯಿತು. ಚೀಲದೊಳಗಿಂದ ಕಡಿವಾಣ ಗದರಿತು: "ಅಮ್ಮಾವ್ರೇ, ನಾನಿಲ್ಲದೆ ಇವಳು ನಿಲ್ಲುವವಳಲ್ಲ."

"ಹನ್ನೊಂದು ವರ್ಷ ನನ್ನ ನಾಲಿಗೆ ಒತ್ತಿದ್ದು ಸಾಲದೇ ನಿನಗೆ?" ಎಂದಳು ಹಂಸಿ.

ಅಷ್ಟರಲ್ಲಿ ಮುಂದೆ ಕಲ್ಲೊಂದು ಉರುಳಿಬಿತ್ತು. ಹಂಸಿ ತಾನಾಗಿಯೇ ನಿಂತಳು.

"ಎಳೆಯಿರಿ!" ಎಂದು ಕಡಿವಾಣ ಕೂಗಿತು. ವಿಶಾಲಾಕ್ಷಮ್ಮ ಅಭ್ಯಾಸಬಲದಿಂದ ಮೂಗುಪಟ್ಟಿಗೆ ಕಟ್ಟಿದ್ದ ಲಗಾಮನ್ನು ಜಗ್ಗಿ ಎಳೆದರು. ನಿಂತಿದ್ದ ಹಂಸಿ ಹಿಂದೆ ಸರಿದಳು. ಹಿಂಗಾಲು ಅಂಚಿನಾಚೆ ಜಾರಿತು.

"ಬಿಡಿ ಅಮ್ಮಾ! ನಾನು ಆಗಲೇ ನಿಂತಿದ್ದೆ."

"ಬಿಟ್ಟರೆ ಸತ್ತಿರಿ!" ಎಂದಿತು ಕಡಿವಾಣ.

ವಿಶಾಲಾಕ್ಷಮ್ಮ ಕಣ್ಣು ಮುಚ್ಚಿ ಲಗಾಮು ಸಡಿಲಿಸಿದರು. ಹಂಸಿ ತಲೆ ತಗ್ಗಿಸಿ, ಮುಂಗಾಲು ಊರಿ, ಒಡತಿಯನ್ನು ಹೊತ್ತು ದಾರಿಗೆ ಬಂದಳು.

ಫೆಬ್ರವರಿ ಹದಿನೆಂಟರ ಪುಟದಲ್ಲಿ ಹೀಗಿದೆ: "ಹಂಸಿ ಇಂದು ನೆಟ್ಟಗೆ ನಡೆದಳು. ಅಂದು ಅಂಚಿನಲ್ಲಿ ಕಳಚಿಹೋದದ್ದು ಒಂದು ಲಾಳ. ಅವಳು ಕುಂಟಿದ್ದು ನಲವತ್ತು ದಿನ. ಎಳೆದದ್ದು ನನ್ನ ಕೈ."